ಕಲ್ಲುದಂಡೆ ತೋರಿಸಿದ್ದು

ಕಡಲ ಅಂಚಿಗೊಂದು ಆಶ್ರಮ. ಅದರ ಮುಂದೆ ಅಂಗೈಯಗಲದ ಕಲ್ಲುದಂಡೆ.

ದಂಡೆ ನೋಡಲು ಬಂದವರಿಗೆ ಊರವರು ಕಾಸಿಗೆ ಗಂಜಿಯೂಟ ಬಡಿಸುತ್ತಿದ್ದರು, ಊರಿನ ಸಂಪಾದನೆ ಅದೇ. ದಂಡೆ ತೋರಿಸುವ ಕೆಲಸ ಆಶ್ರಮದ ಶಿಷ್ಯ ಬೀರನದು. ಆದರೆ ಬಂದವರು ನಿಂತರೆ ತಾನೆ ಊಟ? ಬಂದ ಕಾಲಲ್ಲೇ ಹೊರಟುಬಿಡುತ್ತಿದ್ದರು.

ಬೀರನಿಗೆ ತಲೆಬಿಸಿ. ಒಂದು ದಿನ ಎದೆಯುಬ್ಬಿಸಿ ನಿಂತು ಕೂಗಿದ.

"ನೋಡಿ ಸ್ವಾಮೀ, ಭೀಮನ ಹೆಜ್ಜೆ! ಇಲ್ಲೇ ಕಾಲೂರಿ ಕಡಲಿಗಿಳಿದದ್ದು!"

ಎಲ್ಲಿಯ ಭೀಮ! ನೀರು ಕೊರೆದ ಗುಂಡಿ ಅದು. ಜನ ಫೋಟೊ ಹೊಡೆದುಕೊಂಡರು, ಬಸ್ಸು ಹತ್ತಿದರು. ಅಡುಗೆಯ ದೇವಿಯಕ್ಕನ ಗಂಜಿ ಪಾತ್ರೆಯಲ್ಲೇ ಆರಿತು.

"ಬರುವ ಭಾನುವಾರವೂ ಹೀಗೇ ಆದರೆ ಬಂಡೆಯನ್ನು ಜಲ್ಲಿ ಒಡೆಯುವವರಿಗೆ ಕೊಡ್ತಾರಂತೆ ಮಾರಾಯ. ಊರಲ್ಲಿ ಮಾತಾಗಿದೆ" ಎಂದಳು ದೇವಿಯಕ್ಕ.

ಬೀರ ಆಡಿ ಬೆಳೆದ ಕಲ್ಲುಗಳು ಅವು. ಗುರುಗಳ ಬಳಿ ಓಡಿದ.

"ಗುರುಗಳೇ, ಸೀತೆಯ ಸ್ನಾನದ ಕೊಳ ಅಂತ ಇನ್ನೊಂದು ಸೇರಿಸಲೇ?"

ಗುರುಗಳು ಹೊಟ್ಟೆ ಹಿಡಿದು ನಕ್ಕರು. "ಭಾನುವಾರ ನಾನೇ ಬರ್ತೇನೆ. ನೀನು ಬಾಯಿ ಮುಚ್ಚಿಕೊಂಡಿರು."

ಭಾನುವಾರ ನೀರು ಇಳಿದಿತ್ತು. ಗುರುಗಳು ಬಂದವರನ್ನೆಲ್ಲ ಬಂಡೆಗಳ ನಡುವಿನ ನೀರು ನಿಂತ ಒಂದು ಹೊಂಡದ ಬಳಿ ಕರೆದೊಯ್ದರು.

"ಕೂತ್ಕೊಳ್ಳಿ" ಎಂದರು. ತಾವೂ ಎಲ್ಲರ ಹಿಂದೆ ಕೂತರು. ಅಷ್ಟೇ!

ಒಬ್ಬ ಆಕಳಿಸಿದ. ಇನ್ನೊಬ್ಬ ಮೊಬೈಲ್ ತೆಗೆದ. ಅಯ್ಯೋ, ಒಂದು ಮಾತಾದರೂ ಆಡಬಾರದೇ ಎಂದು ಬೀರ ಒಳಗೊಳಗೇ ಒದ್ದಾಡಿದ.

ಅಷ್ಟರಲ್ಲಿ ಒಬ್ಬಾಕೆ ಚೀರಿದಳು. "ಅಯ್ಯಯ್ಯೋ, ಆ ಶಂಖಕ್ಕೆ ಕಾಲಿದೆ!"

ಎಲ್ಲರೂ ಬಗ್ಗಿದರು. ಶಂಖ ನಡೆಯಿತು. ಪಾಚಿಯೊಳಗಿಂದ ಏಡಿಯೊಂದು ಕಣ್ಣು ಮೇಲೆತ್ತಿ ಇವರನ್ನೇ ನೋಡಿತು. ಕಲ್ಲಿಗಂಟಿದ ಕೆಂಪು ಹೂವು ಸಿಗಡಿ ಮರಿಯೊಂದನ್ನು ಹಿಡಿದು ಮೆಲ್ಲಗೆ ನುಂಗಿತು. ಹೂವಲ್ಲ, ಪ್ರಾಣಿ! ಹುಟ್ಟಿದಾಗಿನಿಂದ ಅಲ್ಲೇ ಇದ್ದ ಬೀರನೂ ಅದನ್ನು ನೋಡಿರಲಿಲ್ಲ. ಎಂಥ ಚಂದ, ಎಂಥ ಚಂದ ಎಂದುಕೊಂಡ.

ಏರುವ ನೀರು ಕಾಲು ತೋಯಿಸುವವರೆಗೆ ಒಬ್ಬರೂ ಏಳಲಿಲ್ಲ. ಎದ್ದವರಿಗೆ ಹಸಿವೋ ಹಸಿವು. ದೇವಿಯಕ್ಕ ಮತ್ತೊಂದು ಪಾತ್ರೆ ಒಲೆಗಿಟ್ಟಳು.

"ಜಲ್ಲಿಯವರು ಈ ಕಡೆ ತಲೆ ಹಾಕಲಿ, ಊರೇ ಸೇರಿ ಓಡಿಸ್ತೇವೆ!" ಎಂದಳು.

ಬೀರ ಗುರುಗಳ ಕಾಲಿಗೆ ಬಿದ್ದ.

"ನಾನು ಅಷ್ಟು ಗಂಟಲು ಹರಿದುಕೊಂಡರೂ ಯಾರೂ ನಿಲ್ಲಲಿಲ್ಲ. ನೀವು ಮಾತೇ ಆಡಲಿಲ್ಲ, ಇವತ್ತು ನೀರು ಬರುವವರೆಗೂ ಜನ ಏಳಲಿಲ್ಲವಲ್ಲ?"

"ನೀನು ಎಲ್ಲಿ ನಿಂತಿದ್ದೆ?"

"ಎಲ್ಲರಿಗೂ ಕಾಣಲಿ ಅಂತ ಅವರ ಮುಂದೆ."

"ನಾನು ಹಿಂದೆ ಕೂತಿದ್ದೆ, ಮಾರಾಯ."