ದೇವೀರಿ ಒಡೆದ ಮಡಕೆ

ಹೂಂಗುಟ್ತಾ ಇರು ಮಗಾ, ನೀನು ನಿಲ್ಲಿಸಿದ್ರೆ ನಾನೂ ನಿಲ್ಲಿಸ್ತೀನಿ. ಒಂದಾನೊಂದು ಕಾಲದಲ್ಲಿ ಕುಂಬಾರರ ಕೇರೀಲಿ ಈರಮ್ಮ ಅಂತ ಒಬ್ಬಳು ಇದ್ಲಂತೆ, ಅವಳಿಗೆ ಮೂರು ಜನ ಸೊಸೆಯರು. ಆವಿಗೆ ಅನ್ನೋ ಗೂಡಲ್ಲಿ ಸುಟ್ಟು ತೆಗೆದ ಮಡಕೇನೆಲ್ಲ ಅವಳೇ ಬೆರಳಲ್ಲಿ ತಟ್ಟಿ ನೋಡೋಳಂತೆ. ಆಮೇಲೆ ವಯಸ್ಸಾಗಿ ಕಿವಿ ಮಂದ ಆಯ್ತು. ಸೊಸೆಯರನ್ನ ಕೂರಿಸ್ಕೊಂಡು, ಟಣ್ ಅಂದ್ರೆ ಇಟ್ಕೊಳ್ಳಿ, ದೊಪ್ ಅಂದ್ರೆ ಒಳಗೆ ಬಿರುಕಿದೆ, ಒಡೆದ್ಹಾಕಿ, ಯಾರು ಸರಿಯಾಗಿ ಆರಿಸ್ತೀರೋ ಆವಿಗೆ ಅವರ ಕೈಗೆ ಅಂದ್ಲಂತೆ.

ಮೊದಲ ಸರದಿ ಹಿರೀ ಸೊಸೇದು. ಅವತ್ತು ಮಳೆ ಹನಿದು ಮಡಕೆಯೆಲ್ಲ ನೆನೆದಿತ್ತಂತೆ. ತಟ್ಟಿದ್ದೆಲ್ಲ ದೊಪ್. ಆ ಪುಣ್ಯಾತ್ಗಿತ್ತಿ ಒಂದೂ ಬಿಡದೆ ಒಡೆದು ಗುಡ್ಡೆ ಹಾಕಿದ್ಲಂತೆ. ಈರಮ್ಮ ತಲೆ ಚಚ್ಕೊಂಡು, ಅಯ್ಯೋ ತಾಯಿ, ನೆನೆದಿದ್ರೆ ಗಟ್ಟಿ ಮಡಕೇನೂ ದೊಪ್ ಅನ್ನಲ್ವೇನೇ, ಒಣಗಿಸಿ ತಟ್ಬಾರ್ದಾ ಅಂದ್ಲಂತೆ.

ನಡುವಿನ ಸೊಸೆ ಇದನ್ನ ಕೇಳಿಸ್ಕೊಂಡ್ಲಾ, ಆಮೇಲೆ ತನ್ನ ಸರದೀಲಿ ಯಾವುದು ದೊಪ್ ಅಂದ್ರೂ ನೆನೆದಿರಬೇಕು ಬಿಡು ಅಂತ ಒಂದನ್ನೂ ಒಡೀಲಿಲ್ಲವಂತೆ. ಸುಡೋ ಬಿಸಿಲಲ್ಲಿ ಎಲ್ಲಿ ನೆನೀತದೆ, ನೀನೇ ಹೇಳು. ಕೊಂಡೋರ ಮನೇಲಿ ಸಾರೆಲ್ಲ ಒಲೆಗೆ ಸೋರಿ, ಅವರು ಬಂದು ಈರಮ್ಮನ ಅಂಗಳದಲ್ಲಿ ನಿಂತ್ರಂತೆ.

ಉಳಿದೋಳು ಕಿರೀ ಸೊಸೆ ದೇವೀರಿ. ಅವಳ ತಂಗಿ ಮದುವೆ ಹತ್ರ ಬಂದಿತ್ತು. ಮದುವೆಗೆ ನೀರು ತುಂಬಿಡೋ ಐರಣೆ ಮಡಕೇನ ತಾನೇ ಬಡಿದು ಮಾಡಿದ್ಲು, ಆಸೆ ತಡೀಲಾರದೆ ತಟ್ಟಿ ನೋಡೋಕೆ ಮುಂಚೇನೇ ಸುಣ್ಣದಲ್ಲಿ ಬಳ್ಳೀನೂ ಬರೆದಿದ್ಲಂತೆ. ಹಿಂದಿನ ಸಂಜೆ ಸೋನೆ ಬಿದ್ದು ಕೆಲವು ಮಡಕೆ ನೆನೆದಿದ್ವು. ದೇವೀರಿ ದೊಪ್ ಅಂದಿದ್ದನ್ನ ಮುಟ್ಟಿ ನೋಡೋಳು, ಹಸಿಯಿದ್ರೆ ಬಿಸಿಲಿಗಿಟ್ಟು ಆಮೇಲೆ ತಿರುಗಿ ತಟ್ಟೋಳು, ಒಣಗಿದ್ಮೇಲೂ ದೊಪ್ ಅಂದ್ರೆ ಒಡೆಯೋಳು. ಹಂಗೇ ಮಾಡ್ತಾ ಬಳ್ಳಿ ಬರೆದ ಮಡಕೆ ಕೈಗೆ ಬಂತು. ತಟ್ಟಿದ್ಲು. ದೊಪ್.

ಸುಣ್ಣದ ಹಸಿ ಇರಬಹುದು ಅಂತ ಬಿಸಿಲಿಗಿಟ್ಟು ಸಂಜೆವರೆಗೂ ಕಾದ್ಲು, ಆಗ್ಲೂ ದೊಪ್. ಕಣ್ಣಿಗೆ ಬಿರುಕೇ ಕಾಣಲ್ಲ. ಓರಗಿತ್ತೀರು ಬಂದು, ಇಟ್ಕೊಳ್ಳೇ, ಅತ್ತೆಗೆ ಎಲ್ಲಿ ಕೇಳಿಸ್ತದೆ, ಇದೊಂದಕ್ಕೆ ಏನಾಗ್ತದೆ ಅಂದ್ರಂತೆ. ನೆನೆದಿದ್ರೆ ಬಿಡ್ತಿದ್ದೆ ಅಕ್ಕ, ನೆನೆದಿಲ್ಲವಲ್ಲ, ನಂದು ಅಂತ ಬಿಟ್ರೆ ತಂಗಿ ಹಸೆ ಮುಂದೆ ಸೋರ್ತದೆ ಅಂದ್ಲಂತೆ ದೇವೀರಿ. ಅಂದು, ಅಳ್ತಾ ಅಳ್ತಾ ಒಡೆದೇ ಬಿಟ್ಲಂತೆ.

ಈರಮ್ಮನಿಗೆ ಸದ್ದು ಕೇಳಿಸದಿದ್ರೂ ಬಳ್ಳಿ ಬರೆದ ಚೂರು ಕಣ್ಣಿಗೆ ಬಿತ್ತಂತೆ. ದೇವೀರಿ ಆರಿಸಿಟ್ಟ, ಟಣ್ ಅಂದ ಮಡಕೆ ಒಂದನ್ನ ತಂದು ಸೊಸೆ ಮುಂದಿಟ್ಟು, ಇದಕ್ಕೆ ಬಳ್ಳಿ ಬರಿ, ಆವಿಗೆ ಇನ್ಮೇಲೆ ನಿಂದು ಅಂದ್ಲಂತೆ. ಅದ್ರಲ್ಲೇ ನೀರು ತುಂಬಿ ತಂಗಿ ಮದುವೆ ಆಯ್ತು, ಒಂದು ಹನಿ ಸೋರ್ಲಿಲ್ಲವಂತೆ.

ನೀನು ಹೂಂಗುಟ್ಟೋದು ಯಾವಾಗ್ಲೋ ನಿಲ್ಲಿಸ್ದೆ. ಬೇಜಾರಾಗಿ ಅಲ್ಲ, ನಿದ್ದೆ ಬಂದು ನಿಲ್ಲಿಸಿದ್ದೀಯ ಅಂತ ನಾನು ನಿಲ್ಲಿಸ್ಲಿಲ್ಲ. ಕತೆ ಮುಗೀತು ಮಗಾ.