ದಾರಿಯಲ್ಲಿಟ್ಟ ಚೆಂಬು

ನವಾಬನ ದಂಡು ತುಂಗಭದ್ರೆಯ ಆಚೆ ದಡದಲ್ಲಿ ಬೀಡುಬಿಟ್ಟಿದ್ದ ಕಾಲ. ಈಚೆ ದಡದ ಮಠದಲ್ಲಿ ಮರುಳಯ್ಯ ಸೂಜಿ ಹಾಕಿ ಜನರ ಕಣ್ಣಿನ ಪೊರೆ ತೆಗೆಯುತ್ತಿದ್ದರು. ಈಗ ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಸೂಜಿ ಕೆಳಗಿಟ್ಟಿದ್ದರು.

ಶಿಷ್ಯ ಕೊಟ್ರಯ್ಯ ದಂಡಿನ ಪರಂಗಿ ವೈದ್ಯನ ಬಳಿ ಕೆಲಕಾಲ ಇದ್ದು ಮರಳಿದ. ಒಂದು ಸಣ್ಣ ಉಕ್ಕಿನ ಸೂಜಿ ತಂದಿದ್ದ.

"ಅಯ್ಯಾ, ಪೊರೆ ಕಣ್ಣಿನ ಮೇಲೆ ಬೆಳೆಯುವ ಚರ್ಮವಲ್ಲ. ಒಳಗಿನ ಮಣಿಯೇ ಮಸುಕಾಗುತ್ತದೆ. ಸತ್ತ ಸಿಪಾಯಿಯ ಕಣ್ಣು ಕೊಯ್ದು ಆ ವೈದ್ಯರು ತೋರಿಸಿದರು."

"ನೀನು ನೋಡಿದೆಯಾ?"

"ಕೈಯಲ್ಲಿ ಹಿಡಿದು ನೋಡಿದೆ."

"ಹಾಗಾದರೆ ಇಷ್ಟು ವರ್ಷ ನಾನು ತಪ್ಪು ತಿಳಿದಿದ್ದೆ," ಎಂದರು ಮರುಳಯ್ಯ.

"ನಿಮ್ಮ ಕಣ್ಣಿಗೆ ನಾನೇ ಸೂಜಿ ಹಾಕುತ್ತೇನೆ, ಅಯ್ಯಾ."

"ನಾನು ಹೇಳಿದಾಗ."

ಕೊಟ್ರಯ್ಯ ಬಂದವರಿಗೆಲ್ಲ ಸೂಜಿ ಹಾಕಿ, ಮಸುಕಾದ ಮಣಿಯನ್ನು ಕಣ್ಣೊಳಗೇ ಕೆಳಗೆ ಒತ್ತಿದ. ಪಟ್ಟಿ ಬಿಚ್ಚಿದಾಗ ಎಲ್ಲರೂ ಒಂದೇ ಮಾತು ಹೇಳಿದರು. ಕಾಣುತ್ತದೆ.

ಒಂದು ದಿನ ಹಾಲಮ್ಮ ಎಂಬ ಮುದುಕಿಯ ಪಟ್ಟಿ ಬಿಚ್ಚಿದ.

"ಕಾಣುತ್ತಾ, ಯವ್ವಾ?"

"ಕಾಣದೇ ಏನು, ಮಗಾ! ಚಂದ್ರನಂಥ ಮುಖ ನಿಂದು. ನುಣ್ಣಗೆ ಹೊಳೀತದೆ."

"ಕೇಳಿದಿರಾ, ಅಯ್ಯಾ?"

"ಕೇಳಿದೆ. ನಿನ್ನ ಸಿಡುಬಿನ ಕಲೆ ಹೋದವೇ?"

ಕೊಟ್ರಯ್ಯ ಕೆನ್ನೆ ಮುಟ್ಟಿಕೊಂಡ. "ಇವೆ, ಅಯ್ಯಾ."

ಮರುಳಯ್ಯ ನೀರು ತುಂಬಿದ ಚೆಂಬನ್ನು ತಂದು ಅಂಗಳದ ನಡುವೆ ಸದ್ದಿಲ್ಲದೆ ಇಟ್ಟರು. ಹಿಂದೆ ಸರಿದು ಕರೆದರು.

"ಹಾಲಮ್ಮಾ, ಇತ್ತ ಬಾ."

ಮುದುಕಿ ನೆಟ್ಟಗೆ ನಡೆದಳು. ಚೆಂಬು ಠಣ್ ಎಂದು ಉರುಳಿತು.

"ಯಾಕೆ ಸುಳ್ಳು ಹೇಳಿದೆ, ಯವ್ವಾ?" ಕೊಟ್ರಯ್ಯ ಕೇಳಿದ.

"ಅಷ್ಟು ಆಸೆಯಿಂದ ಕೇಳಿದೆಯಲ್ಲೋ. ಇಲ್ಲ ಅಂತ ಹೆಂಗನ್ನಲಿ?"

ಕೊಟ್ರಯ್ಯ ಉರುಳಿದ ಚೆಂಬನ್ನು ಎತ್ತಿಕೊಂಡ.

"ಒತ್ತಿದ ಮಣಿ ಮತ್ತೆ ಮೇಲೆದ್ದಿರಬೇಕು. ಇನ್ನಷ್ಟು ಹೊತ್ತು ಒತ್ತಿ ಹಿಡಿಯಬೇಕಿತ್ತು," ಎಂದರು ಮರುಳಯ್ಯ. "ಅದು ಆಮೇಲೆ. ಮೊದಲು ಚೆಂಬು ತುಂಬಿಸಿಡು."

ಅಂದಿನಿಂದ ಕೊಟ್ರಯ್ಯ ಯಾರನ್ನೂ ಕೇಳಲಿಲ್ಲ. ಚೆಂಬು ಇಟ್ಟ. ಕೆಲವರು ಸುತ್ತಿ ಬಂದರು. ಕೆಲವರು ಎಡವಿದರು. ಎಡವಿದವರನ್ನು ಸೂಜಿ ಹಾಕಲು ಮತ್ತೆ ಮಣೆಯ ಮೇಲೆ ಕೂರಿಸಿದ.

ಒಂದು ಬೆಳಗ್ಗೆ ಮರುಳಯ್ಯ ತಾವೇ ಬಂದು ಬಿಸಿಲಿಗೆ ಮುಖಮಾಡಿ ಮಣೆಯ ಮೇಲೆ ಕುಳಿತರು.

"ಬಲಗಣ್ಣು," ಎಂದರು.

ಕೊಟ್ರಯ್ಯ ಸೂಜಿ ಹಾಕಿದ. ಒತ್ತಿ ಹಿಡಿದ. ತುಪ್ಪದ ಅರಳೆ ಇಟ್ಟು ಪಟ್ಟಿ ಕಟ್ಟಿದ.

ಪಟ್ಟಿ ಬಿಚ್ಚುವ ದಿನ ಮಠವೆಲ್ಲ ಅಂಗಳದಲ್ಲಿ ಸೇರಿತು. ಮರುಳಯ್ಯ ಕಣ್ಣು ತೆರೆದು ನದಿಯ ಕಡೆ ತಿರುಗಿದರು.

"ಕಾಣುತ್ತಿದೆ."

ಜನ ಹೋ ಎಂದರು. ಯಾರೋ ಬೆಲ್ಲ ತಂದರು. ಹಿರಿಯ ಶಿಷ್ಯ ಪಂಪಣ್ಣ ಕೊಟ್ರಯ್ಯನ ಬೆನ್ನು ತಟ್ಟಿದ. "ಗೆದ್ದೆಯಲ್ಲೋ!"

ಕೊಟ್ರಯ್ಯ ಬೆಲ್ಲ ಮುಟ್ಟಲಿಲ್ಲ. ಒಳಗೆ ಹೋಗಿ ಚೆಂಬು ತುಂಬಿಸಿಕೊಂಡು ಬಂದ.

ಪಂಪಣ್ಣ ಅವನ ತೋಳು ಹಿಡಿದ. "ಹುಚ್ಚಾ! ಅಯ್ಯನವರೇ ಹೇಳಿದ ಮೇಲೂ? ಎಡವಿದರೆ ನಿನ್ನನ್ನು ಯಾರು ನಂಬುತ್ತಾರೆ?"

ಕೊಟ್ರಯ್ಯ ತೋಳು ಬಿಡಿಸಿಕೊಂಡ. ನದಿಗೆ ಇಳಿಯುವ ದಾರಿಯಲ್ಲಿ ಚೆಂಬು ಇಟ್ಟ.

"ಅಯ್ಯಾ, ನದಿಗೆ ಬನ್ನಿ."

ಮರುಳಯ್ಯ ದಿನವೂ ನಡೆಯುವ ದಾರಿ ಅದು. ಸರಾಗವಾಗಿ ನಡೆದು ಬಂದರು.

ಚೆಂಬು ಉರುಳಿತು. ನೀರು ಅವರ ಪಾದದ ಮೇಲೆ ಹರಿಯಿತು.

"ಇಟ್ಟವರು ಯಾರು?"

"ನಾನು, ಅಯ್ಯಾ."

"ಕಾಣುತ್ತಿದೆ ಅಂದೆನಲ್ಲ?"

"ಅಂದಿರಿ."

ಮರುಳಯ್ಯ ಬಗ್ಗಿ, ತಡವಿ, ಚೆಂಬನ್ನು ಎತ್ತಿ ಅವನ ಕೈಗೆ ಕೊಟ್ಟರು. ಹಿಂತಿರುಗಿ ಹೋಗಿ ಮಣೆಯ ಮೇಲೆ ಕುಳಿತರು. ಮುಖವನ್ನು ಬಿಸಿಲಿಗೆ ತಿರುಗಿಸಿದರು.

"ಎಡಗಣ್ಣು ಉಳಿದಿದೆ. ಸೂಜಿ ತೊಳೆದು ತಾ."