ಎಡಸುತ್ತು, ಬಲಸುತ್ತು

"ಗುರುಗಳೇ, ನಮ್ಮ ಹಾಡೇ ಬಾರದ ಮಕ್ಕಳಿಗೆ ಪರದೇಶದ ಹಾಡು, ಕುಣಿತ ಕಲಿಸುವುದು ಸರಿಯೇ?" ಎಂದು ರಂಗಧಾಮ ಕೇಳಿದ. ಅವನು ಒಂದು ಶಾಲೆಯ ಹೆಡ್‌ಮಾಸ್ತರ. ಹೊಸದಾಗಿ ಬಂದ ಶಿಕ್ಷಕಿಯೊಬ್ಬಳು ಮಕ್ಕಳಿಗೆ ನಾನಾ ದೇಶಗಳ ಕುಣಿತ ಕಲಿಸಲು ಅನುಮತಿ ಕೇಳಿದ್ದಳು. ಒಪ್ಪಲು ಅವನಿಗೆ ಮನಸ್ಸಿರಲಿಲ್ಲ.

ಗುರುಗಳು ನಕ್ಕರು. "ಬೇಡ ಎಂದು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬಂದು ನನ್ನನ್ನು ಕೇಳುತ್ತಿದ್ದೀಯ. ಇರಲಿ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಮುದುಕಿ ಇದ್ದಳು. ಅವಳಿಗೆ ನಲವತ್ತು ಕೋಲಾಟದ ಹಾಡು ಬರುತ್ತಿದ್ದವು. ಜೊತೆಗೆ ಕೋಲು ಹಾಕುತ್ತಿದ್ದ ಗೆಳತಿಯರೆಲ್ಲ ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ಒಬ್ಬಳೇ ಕೋಲಾಟ ಆಡುವುದಕ್ಕಾಗುತ್ತದೆಯೇ? ಮೊಮ್ಮಗಳನ್ನು ಕರೆದು ಕೂರಿಸಿಕೊಂಡರೆ ಅವಳು, "ಹೋಗಜ್ಜಿ, ಅದೆಲ್ಲ ಹಳೇದು" ಎಂದು ಎದ್ದು ಓಡುತ್ತಿದ್ದಳು. ತಾನು ಸತ್ತರೆ ಹಾಡುಗಳೂ ತನ್ನ ಜೊತೆಗೇ ಹೋಗುತ್ತವಲ್ಲ ಎಂದು ಮುದುಕಿಗೆ ಸಂಕಟ. ತುತ್ತು ಬಾಯಿಗಿಡುವಾಗಲೂ ಅದೇ ಯೋಚನೆ.

ಆ ಊರಿನ ಶಾಲೆಗೆ ಒಬ್ಬ ಮೇಷ್ಟ್ರು ಬಂದರು. ದೇಶದೇಶದ ಹಾಡು, ಕುಣಿತ ಕಲಿಯುವುದು ಅವರ ಹುಚ್ಚು. ದೂರದ ಬೆಟ್ಟದ ನಾಡೊಂದರಲ್ಲಿ ಕುರಿ ಕಾಯುವ ಜನ ಕುಣಿಯುವ ಕುಣಿತವನ್ನು ಮಕ್ಕಳಿಗೆ ಹೇಳಿಕೊಟ್ಟರು. ಕೈಕೈ ಹಿಡಿದು ದುಂಡಗೆ ನಿಂತು ಎಡಸುತ್ತು ಸುತ್ತಬೇಕು. ನಮ್ಮ ಮಕ್ಕಳಿಗೆ ಗುಡಿಯನ್ನು ಬಲಸುತ್ತು ಸುತ್ತಿ ಅಭ್ಯಾಸ. ಅರ್ಧ ಮಕ್ಕಳು ಎಡಕ್ಕೆ ಎಳೆದರೆ ಅರ್ಧ ಮಕ್ಕಳು ಬಲಕ್ಕೆ ಎಳೆದರು. ಒಬ್ಬರ ಮೇಲೊಬ್ಬರು ಬಿದ್ದು, ಎದ್ದು, ನಾಲ್ಕು ದಿನದಲ್ಲಿ ಕಲಿತರು. ಮೊಮ್ಮಗಳು ಮನೆಯ ಅಂಗಳದಲ್ಲೂ ಅದನ್ನೇ ಸುತ್ತತೊಡಗಿದಳು.

ಅದನ್ನು ನೋಡಿ ಮುದುಕಿಗೆ ಮೈಯೆಲ್ಲ ಉರಿಯಿತು. ಮರುದಿನ ನೆಟ್ಟಗೆ ಶಾಲೆಗೆ ಹೋದಳು.

"ಏನು ಮೇಷ್ಟ್ರೇ, ಎಡಸುತ್ತು ಸುತ್ತುವುದು ಸುಡುಗಾಡಿನಲ್ಲಿ. ಬಾಳಿ ಬದುಕಬೇಕಾದ ಮಕ್ಕಳ ಕೈಲಿ ಇದೆಂಥದು ಮಾಡಿಸುತ್ತಿದ್ದೀರಿ?" ಎಂದು ಮೊಮ್ಮಗಳ ರಟ್ಟೆ ಹಿಡಿದು ಎಳೆದಳು.

ಮೇಷ್ಟ್ರಿಗೆ ಅದು ಹೊಳೆದೇ ಇರಲಿಲ್ಲ. ಮೊದಲು ತಪ್ಪಾಯಿತು ಎಂದರು. ಆಮೇಲೆ ಮೆಲ್ಲಗೆ, "ಆ ಜನ ಮದುವೆಯಲ್ಲಿ ಹೀಗೆ ಸುತ್ತುತ್ತಾರಂತೆ ಅಜ್ಜಿ. ನಡುವೆ ಗಂಡು ಹೆಣ್ಣನ್ನು ನಿಲ್ಲಿಸಿರುತ್ತಾರೆ. ಎದೆ ಮಿಡಿಯುವ ಎಡಗಡೆ ಅವರತ್ತ ಇರಬೇಕಂತೆ" ಎಂದರು.

ಮುದುಕಿ ಹಿಡಿದ ಕೈ ಸಡಿಲ ಬಿಟ್ಟಳು. ಮೊಮ್ಮಗಳು ಅವಳ ಮುಖ ನೋಡಿ, "ಹಾಗಾದರೆ ನಾವು ಯಾಕಜ್ಜಿ ಬಲಸುತ್ತು ಸುತ್ತುವುದು?" ಎಂದು ಕೇಳಿದಳು.

ಕೋಲು ಹಿಡಿದ ಅರವತ್ತು ವರ್ಷದಲ್ಲಿ ಈ ಮಾತನ್ನು ಅವಳ ಹತ್ತಿರ ಯಾರೂ ಕೇಳಿರಲಿಲ್ಲ.

"ನಾವು ನಡುವೆ ದೀಪ ಇಟ್ಟು ಕೋಲಾಟ ಆಡುತ್ತೇವೆ ಕಣೇ. ದೀಪಕ್ಕೆ ಎಡಗೈ ತೋರಿಸಬಾರದು" ಎಂದಳು.

"ಹೇಗೆ, ತೋರಿಸು" ಎಂದಳು ಹುಡುಗಿ.

ಕೋಲುಗಳು ಮನೆಯ ಅಟ್ಟದ ಮೇಲಿದ್ದವು. ಮೇಷ್ಟ್ರು ಮೇಜಿನ ಮೇಲಿನ ಮರದ ಅಡಿಪಟ್ಟಿಗಳನ್ನು ತಂದು ಅಜ್ಜಿಗೆ ಎರಡು, ಮೊಮ್ಮಗಳಿಗೆ ಎರಡು ಕೊಟ್ಟರು. ಎರಡನೆಯ ಹಾಡಿಗೇ ಒಂದು ಪಟ್ಟಿ ಮುರಿಯಿತು. ಮುದುಕಿ ನಿಲ್ಲಿಸಲಿಲ್ಲ.

ಮುಂದಿನ ವಾರದಿಂದ ಮಕ್ಕಳು ಅವಳ ಅಂಗಳಕ್ಕೆ ಬರತೊಡಗಿದರು. ಹೇಳಿಕೊಡಲು ಕೂತಾಗ ಹತ್ತು ಹಾಡು ಎಷ್ಟು ತಡಕಾಡಿದರೂ ನೆನಪಿಗೆ ಬರಲಿಲ್ಲ. ಉಳಿದ ಮೂವತ್ತನ್ನೂ ಮಕ್ಕಳು ಕಲಿತರು. ಕುರಿ ಕಾಯುವವರ ಕುಣಿತವನ್ನೂ ಬಿಡಲಿಲ್ಲ. ಯಾರೋ ಅದಕ್ಕೆ ಕೊಂಕು ತೆಗೆದಾಗ ಮುದುಕಿಯೇ, "ಮದುವೆ ಕುಣಿತ ತಾನೇ, ಸುತ್ತಿಕೊಳ್ಳಲಿ ಬಿಡು" ಎಂದಳು.

ಗುರುಗಳು ಕತೆ ಮುಗಿಸಿದರು. ರಂಗಧಾಮನಿಗೆ ಕತೆ ಹಿಡಿಸಿತು, ಆದರೆ ಹಿಡಿದ ಪಟ್ಟು ಬಿಡಲಾಗಲಿಲ್ಲ. "ಎಲ್ಲ ಸರಿ ಗುರುಗಳೇ. ಆದರೂ ಮೊದಲು ನಮ್ಮ ಹಾಡು, ಆಮೇಲೆ ಬೇರೆಯವರದು ಎಂದರೆ ತಪ್ಪೇನು?" ಎಂದ.

"ತಪ್ಪೇನಿಲ್ಲ, ಮೊದಲು ನೀನು ನಮ್ಮದೊಂದು ಹಾಡು ಹಾಡು, ಕೇಳುತ್ತೇನೆ" ಎಂದರು ಗುರುಗಳು.

ರಂಗಧಾಮನ ಬಾಯಿಂದ ಒಂದು ಸಾಲೂ ಹೊರಡಲಿಲ್ಲ.